ಘಟ್ಟ ಹತ್ತಿದ ತುಳು

ನಮ್ಮ ಮನೆಯಲ್ಲಿ ಮಾತಾಡುವುದು ತುಳು ಎಂದು ನಾನು ಇಪ್ಪತ್ತಾರು ವರ್ಷ ನಂಬಿದ್ದೆ. ಅದು ತುಳು ಹೌದೋ ಅಲ್ಲವೋ ಎಂಬ ಅನುಮಾನ ಹುಟ್ಟಿದ್ದು ಅಣ್ಣನಿಗೆ ಹೆಣ್ಣು ನೋಡಲೆಂದು ಚಾರ್ಮಾಡಿ ಘಾಟಿ ಇಳಿದ ದಿನ.

ಅಜ್ಜ ಹುಡುಗನಾಗಿದ್ದಾಗ ಬೆಳ್ತಂಗಡಿ ಕಡೆಯಿಂದ ಕಾಫಿ ತೋಟದ ಕೆಲಸಕ್ಕೆ ಘಟ್ಟ ಹತ್ತಿ ಬಂದವರು. ಒಂದು ಕೊಯ್ಲು ಮುಗಿಸಿ ವಾಪಸು ಬರುತ್ತೇನೆ ಎಂದು ಮನೆಯಲ್ಲಿ ಹೇಳಿದ್ದರಂತೆ. ಹೋಗಲಿಲ್ಲ. ಅಪ್ಪ ಹುಟ್ಟಿದ್ದೇ ಜಾವಳಿ ಹತ್ತಿರದ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿ. ಅಲ್ಲೇ ಮೇಸ್ತ್ರಿಯಾಗಿ, ಮೂವತ್ತು ವರ್ಷ ಆಳುಗಳ ಹಿಂದೆ ಓಡಾಡಿ, ಕೊನೆಗೆ ಬಣಕಲ್‌ನಲ್ಲಿ ರಸ್ತೆ ಪಕ್ಕ ಒಂದು ಸಣ್ಣ ಮನೆ ಮಾಡಿದರು. ಅಣ್ಣ ದೇವರಮನೆ ಗುಡ್ಡ ನೋಡಲು ಬರುವವರಿಗೆ ಜೀಪು ಓಡಿಸುತ್ತಾನೆ. ನಾನು ಮೂಡಿಗೆರೆಯ ಡಿಟಿಪಿ ಅಂಗಡಿಯೊಂದರಲ್ಲಿ ಅರ್ಜಿ, ಲಗ್ನಪತ್ರಿಕೆ, ತಿಥಿ ಕಾರ್ಡು ಟೈಪ್ ಮಾಡುತ್ತೇನೆ. ದಿನವಿಡೀ ಒಬ್ಬರಲ್ಲ ಒಬ್ಬರ ಕಾಗುಣಿತ ತಿದ್ದುವವಳಾದ್ದರಿಂದ ನನ್ನ ಭಾಷೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ತೋಟದಲ್ಲಿ ಅಪ್ಪನದು ಕನ್ನಡ, ಮನೆಯೊಳಗೆ ಬಂದರೆ ತುಳು. ಆ ತುಳುವಿನಲ್ಲಿ ಪಲ್ಪರ್, ಪಾರ್ಚ್‌ಮೆಂಟ್, ರೈಟರು, ಸೊಪ್ಪು, ಗೊಬ್ಬರ, ಹೀಗೆ ಕಾಫಿ ತೋಟದ ಇಂಗ್ಲಿಷು ಕನ್ನಡ ಎಲ್ಲ ಬೆರೆತಿತ್ತು. ಅದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ಆದರೆ ಹೆಣ್ಣು ನೋಡಲು ಹೊರಟ ದಿನ ಜೀಪು ಕೊಟ್ಟಿಗೆಹಾರ ದಾಟುತ್ತಿದ್ದಂತೆ ಅಪ್ಪ ಹಿಂದಿನ ಸೀಟಿನತ್ತ ತಿರುಗಿ ಒಂದು ಆಜ್ಞೆ ಮಾಡಿದರು. (ಆ ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೇಕಾದ ಕಡೆ ಮಾತ್ರ ತುಳು ಉಳಿಸಿಕೊಳ್ಳುತ್ತೇನೆ.)

"ಅಲ್ಲಿ ಯಾರೂ ಕನ್ನಡ ಬೆರೆಸಿ ಮಾತಾಡಬಾರದು. ಘಟ್ಟದ ಕೆಳಗಿನವರು ನಗ್ತಾರೆ."

"ಈಗ ನೀವು ಹೇಳಿದ್ರಲ್ಲ, ಅದರಲ್ಲೇ ನಾಲ್ಕು ಶಬ್ದ ಕನ್ನಡದ್ದು" ಎಂದಳು ಅಮ್ಮ.

ಅಪ್ಪ ಮೂರು ತಿರುವು ಬಾಯಿ ತೆರೆಯಲಿಲ್ಲ. ಆಮೇಲೆ ತಡೆಯಲಾರದೆ, "ಯಾವ ನಾಲ್ಕು?" ಎಂದರು. ಘಾಟಿ ಇಳಿಯುವವರೆಗೂ ಅದೇ ಚರ್ಚೆ. ಅಣ್ಣ ಮಾತ್ರ ಸ್ಟೇರಿಂಗ್ ಹಿಡಿದು ಸುಮ್ಮನಿದ್ದ. ಅವನು ಯಾವ ಭಾಷೆಯಲ್ಲೂ ಹೆಚ್ಚು ಮಾತಾಡುವವನಲ್ಲ. ಆದ್ದರಿಂದ ಅವನ ಭಾಷೆ ಕೆಡುವ ಹೆದರಿಕೆ ಯಾರಿಗೂ ಇರಲಿಲ್ಲ.

ಹುಡುಗಿಯ ಮನೆ ಬೆಳ್ತಂಗಡಿಯಿಂದ ಸ್ವಲ್ಪ ಒಳಗೆ. ಹುಡುಗಿ ಉಜಿರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಜಗಲಿಯಲ್ಲಿ ಅವಳ ಅಜ್ಜಿ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಒಬ್ಬರೇ ಕೂತಿದ್ದರು. ಅಪ್ಪ ಚಪ್ಪಲಿ ಬಿಟ್ಟು, ಕೈಮುಗಿದು, ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದ ಮಾತನ್ನು ಹೇಳಿಯೇಬಿಟ್ಟರು:

"ನಿಕುಲು ಎಂಚ ಉಲ್ಲರ್?"

ನೀವು ಹೇಗಿದ್ದೀರಿ ಎಂದರ್ಥ. ಒಂದು ಶಬ್ದವೂ ಕನ್ನಡದ್ದಲ್ಲ. ಆದರೂ ಅಜ್ಜಿ ಬೆನ್ನು ತಿರುಗಿಸಿ ಹಿಂದೆ ನೋಡಿದರು. ಅಲ್ಲಿ ಗೋಡೆ, ಗೋಡೆಯ ಮೇಲೊಂದು ಕ್ಯಾಲೆಂಡರು.

"ನನ್ನ ಹಿಂದೆ ಯಾರುಂಟು?" ಎಂದು ಅಪ್ಪನನ್ನೇ ಕೇಳಿದರು.

ಅಪ್ಪನಿಗೆ ಅರ್ಥವಾಗಲಿಲ್ಲ. ನಮಗೂ ಆಗಲಿಲ್ಲ. ಅಜ್ಜಿಯೇ ಅಡಿಕೆ ಕತ್ತರಿಸುತ್ತಾ ತಿಳಿಸಿ ಹೇಳಿದರು. ತುಳುವಿನಲ್ಲಿ ಗೌರವದಿಂದ ಒಬ್ಬರನ್ನು ಮಾತಾಡಿಸಬೇಕಾದರೆ 'ಈರ್'. ಬಹಳ ಜನ ಇದ್ದರೆ ಮಾತ್ರ 'ನಿಕುಲು'. ಕನ್ನಡದಲ್ಲಿ ಎರಡಕ್ಕೂ 'ನೀವು' ಒಂದೇ ಸಾಕು. ತೋಟದಲ್ಲಿ ದಿನವಿಡೀ ಕನ್ನಡದ 'ನೀವು' ಕೇಳಿ ಕೇಳಿ, ನಮ್ಮ ಮನೆಯ ತುಳುವಿನಲ್ಲಿ 'ಈರ್' ಎಂಬುದು ಯಾವಾಗ ಮಾಯವಾಯಿತೋ, ಬಹುಶಃ ಅಜ್ಜನ ಕಾಲದಲ್ಲೋ ಏನೋ, ಯಾರೂ ಹುಡುಕಿರಲಿಲ್ಲ. ಅಪ್ಪ ಐದು ನಿಮಿಷದಲ್ಲಿ ಅಜ್ಜಿಯನ್ನು ಇನ್ನೂ ನಾಲ್ಕು ಸಲ ಬಹುವಚನ ಮಾಡಿದರು. ಪ್ರತಿಸಲವೂ ಅಜ್ಜಿ ಹಿಂದೆ ತಿರುಗಿ ಕ್ಯಾಲೆಂಡರು ನೋಡಿದರು.

ಆ ಮುಜುಗರ ತಡೆಯಲಾರದೆ ನಾನು ಅಡುಗೆಮನೆಗೆ ಹೋದೆ. ಹುಡುಗಿ ಗೋಳಿಬಜೆ ಕರಿಯುತ್ತಿದ್ದಳು. ಹೆಣ್ಣು ನೋಡುವ ದಿನ ಹೆಣ್ಣೇ ಎಣ್ಣೆಯ ಮುಂದೆ ನಿಂತಿದ್ದು ಕಂಡು ನನಗೆ ಇಷ್ಟವಾಯಿತು. ನಾನು ಹೊಗಳಲು ಶುರುಮಾಡಿದೆ.

"ನಮ್ಮ ಅಣ್ಣೆ ಮಸ್ತ್ ಎಡ್ಡೆ ಜನ" ಎಂದೆ. ನಮ್ಮ ಅಣ್ಣ ಬಹಳ ಒಳ್ಳೆಯವನು ಎಂದು.

ಅವಳ ಕೈಯ ಜಾಲರಿ ಸೌಟು ಗಾಳಿಯಲ್ಲೇ ನಿಂತಿತು.

"ನಮ್ಮವನಾ?" ಎಂದಳು.

"ಹೌದು, ನಮ್ಮ ಅಣ್ಣ. ಕುಡಿಯುವುದಿಲ್ಲ, ಏನಿಲ್ಲ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಜಗಲಿಯಿಂದ ಅಜ್ಜಿಯ ಧ್ವನಿ ಬಂತು. ಆ ವಯಸ್ಸಿನಲ್ಲೂ ಅವರ ಕಿವಿ ಅಷ್ಟು ಚುರುಕು.

"ಎಂತ ಹೇಳಿದ್ದು ಆ ಹುಡುಗಿ? ಅವಳಿಗೂ ಅಣ್ಣ, ನಮ್ಮ ಹುಡುಗಿಗೂ ಅಣ್ಣನಾ? ಹಾಗಾದರೆ ಮದುವೆ ಮಾಡುವುದು ಹೇಗೆ ಮಾರಾಯ್ರೆ?"

ಎರಡನೆಯ ಪಾಠವೂ ಅಲ್ಲೇ ಆಯಿತು. ತುಳುವಿನಲ್ಲಿ 'ನಾವು' ಎಂಬುದು ಎರಡು ಬಗೆ. ಕೇಳುವವರನ್ನೂ ಸೇರಿಸಿಕೊಂಡರೆ 'ನಮ', ಅವರನ್ನು ಬಿಟ್ಟು ಹೇಳಿದರೆ 'ಎಂಕುಲು'. ನಮ್ಮ ಅಣ್ಣ ಎಂದರೆ ನಿನಗೂ ನನಗೂ ಇಬ್ಬರಿಗೂ ಅಣ್ಣ. ನಾನು 'ಎಂಕ್ಲೆನ ಅಣ್ಣೆ' ಎನ್ನಬೇಕಿತ್ತು. ಕನ್ನಡದ 'ನಮ್ಮ', ತುಳುವಿನ 'ನಮ್ಮ' ಎರಡೂ ಒಂದೇ ಥರ ಕೇಳುವುದರಿಂದ, ನಮ್ಮ ಮನೆಯವರು ಮೂರು ತಲೆಮಾರಿನಿಂದ ಎಲ್ಲ ಕಡೆಗೂ ಅದನ್ನೇ ಬಳಸಿ, ಇನ್ನೊಂದನ್ನು ಮರೆತೇಬಿಟ್ಟಿದ್ದೆವು. ಹೀಗೆ ನಾನು ಹೆಣ್ಣು ನೋಡಲು ಬಂದ ಮನೆಯಲ್ಲಿ ವಧೂವರರನ್ನು ಒಡಹುಟ್ಟಿದವರನ್ನಾಗಿ ಮಾಡಿ ನಿಂತಿದ್ದೆ.

ಜಗಲಿಯಲ್ಲಿ ಎಲ್ಲರೂ ನಗುತ್ತಿದ್ದರು, ಅಪ್ಪ ಒಬ್ಬರನ್ನು ಬಿಟ್ಟು. ಆಗ, ಬಂದಾಗಿನಿಂದ ಒಂದು ಮಾತೂ ಆಡದ ಅಣ್ಣ ಬಾಯಿ ತೆರೆದ.

"ಎಂಕ್ ಒರ್ತಿ ತಂಗಡಿ ಯಾವು."

ನನಗೆ ಒಬ್ಬಳೇ ತಂಗಿ ಸಾಕು ಎಂದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, ಒಂದು ಹೋಳು ಅಡಿಕೆ ಅವನ ಕಡೆಗೆ ಚಾಚಿದರು.

ವಾಪಸು ಬರುವಾಗ ಅಪ್ಪ ಕೊಟ್ಟಿಗೆಹಾರದಲ್ಲಿ ಟೀ ಕುಡಿಯಲು ಕೂಡ ಇಳಿಯಲಿಲ್ಲ. ಒಂದು ವಾರ ಕೆಳಗಿನಿಂದ ಸುದ್ದಿಯಿಲ್ಲ. ಡಿಟಿಪಿ ಅಂಗಡಿಯಲ್ಲಿ ಯಾರದ್ದೋ ಲಗ್ನಪತ್ರಿಕೆಯಲ್ಲಿ 'ನಮ್ಮ ಜ್ಯೇಷ್ಠ ಪುತ್ರ' ಎಂದು ಟೈಪ್ ಮಾಡುವಾಗ ಬೆರಳು ತಡವರಿಸಿತು. ಒಂದು ಶಬ್ದಕ್ಕೆ ಅಣ್ಣನ ಮದುವೆ ತಪ್ಪಿಸಿದೆನಲ್ಲ ಎಂದು ಊಟ ಸೇರುತ್ತಿರಲಿಲ್ಲ. ಅಣ್ಣ ಮಾತ್ರ ಎಂದಿನಂತೆ ಜೀಪು ತೊಳೆದುಕೊಂಡು ಇದ್ದ.

ಎಂಟನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ನನ್ನ ಮೊಬೈಲಿಗೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಅವಳೇ.

"ನಿನ್ನ ಅಣ್ಣ ಉಂಟಲ್ಲ, ನಿನ್ನವನು, ನನ್ನವನಲ್ಲ, ಅವರಿಗೆ ಸಿಟ್ಟು ಬರ್ತದಾ?"

"ಜೀಪು ಸ್ಟಾರ್ಟ್ ಆಗದಿದ್ರೆ ಸ್ವಲ್ಪ."

"ಜೀಪಿಗೆ ಬೈತಾರಾ, ಪಕ್ಕದಲ್ಲಿದ್ದವರಿಗಾ?"

"ಜೀಪಿಗೇ. ಅದೂ ಮೆಲ್ಲಗೆ."

"ಆಗಬಹುದು" ಎಂದಳು. ಜೀಪಿಗೆ ಬೈಯುವುದು ಆಗಬಹುದೋ, ಮದುವೆ ಆಗಬಹುದೋ ಎಂದು ಕೇಳಲು ಧೈರ್ಯ ಬರಲಿಲ್ಲ. ಸಂಜೆ ಅವರ ಮನೆಯಿಂದ ಅಪ್ಪನಿಗೆ ಫೋನು ಬಂದಾಗ ಗೊತ್ತಾಯಿತು. ಅಣ್ಣನ ಆ 'ಒಬ್ಬಳೇ ತಂಗಿ ಸಾಕು' ಎಂಬ ಮಾತಿಗೇ ತಾನು ಒಪ್ಪಿದ್ದು ಎಂದು ಅವಳು ಆಮೇಲೆ ನನಗೆ ಹೇಳಿದಳು. ಅಷ್ಟು ಹೊತ್ತು ಸುಮ್ಮನಿದ್ದು ಸರಿಯಾದ ಜಾಗದಲ್ಲಿ ಒಂದೇ ಮಾತು ಆಡುವ ಗಂಡಸು ಅಪರೂಪವಂತೆ. ಅವನು ಎರಡನೆಯ ಮಾತಾಡಲು ಎಷ್ಟು ದಿನ ತೆಗೆದುಕೊಳ್ಳುತ್ತಾನೆ ಎಂಬುದನ್ನು ನಾನು ಹೇಳಲಿಲ್ಲ.

ಅತ್ತಿಗೆ ಮನೆಗೆ ಬಂದು ತಿಂಗಳಾಗುವುದರೊಳಗೆ ನಮ್ಮ ತುಳುವಿನ ರಿಪೇರಿ ಶುರುವಾಯಿತು. ಅವಳು ಜೋರು ಮಾಡುವವಳಲ್ಲ. ನಗುತ್ತಲೇ ಒಂದು ಕಾನೂನು ತಂದಳು. ತಪ್ಪು ಮಾತಾಡಿದವರು ಆ ದಿನದ ಸಾರಿಗೆ ಕಾಯಿ ತುರಿಯಬೇಕು. ಅಮ್ಮನಿಗೆ ಈ ಕಾನೂನು ಬಹಳ ಹಿಡಿಸಿತು, ಯಾಕೆಂದರೆ ಅಷ್ಟು ವರ್ಷ ಕಾಯಿ ತುರಿದವಳು ಅವಳೇ. ಮೊದಲ ತಿಂಗಳು ಪೂರ್ತಿ ತುರಿಮಣೆಯ ಮೇಲೆ ಅಪ್ಪ ಕೂತರು. ಎರಡನೆಯ ತಿಂಗಳಿನಲ್ಲಿ ಅಪ್ಪ ಒಂದು ಉಪಾಯ ಕಂಡುಕೊಂಡರು. ನಾವು, ನೀವು, ಅವರು ಎಂಬುದನ್ನೇ ಬಿಟ್ಟು ಮಾತಾಡುವುದು.

"ಊಟ ಆಯ್ತಾ?"

"ಯಾರದ್ದು ಮಾವ?" ಎಂದು ಅತ್ತಿಗೆ ಕೆಣಕುವಳು.

"ಆದವರದ್ದು" ಎಂದು ಅಪ್ಪ ತಪ್ಪಿಸಿಕೊಳ್ಳುವರು.

ನಾನು ಸುಮಾರು ಕಲಿತೆ. ಈರ್, ನಿಕುಲು, ನಮ, ಎಂಕುಲು ಎಂದು ಬಸ್ಸಿನಲ್ಲಿ ಮೂಡಿಗೆರೆಗೆ ಹೋಗುವಾಗ ಮಗ್ಗಿಯ ಹಾಗೆ ಹೇಳಿಕೊಳ್ಳುತ್ತಿದ್ದೆ. ಪಕ್ಕದ ಸೀಟಿನವರು ಏನೋ ಮಂತ್ರವೆಂದು ಸುಮ್ಮನಿರುತ್ತಿದ್ದರು.

ಮನೆಯಲ್ಲಿ ಕೂತು ಬೇಸರ ಬಂದು ಅತ್ತಿಗೆ ಪಕ್ಕದ ದಿನಸಿ ಅಂಗಡಿಗೆ ಕೆಲಸಕ್ಕೆ ಸೇರಿದಳು. ಆ ಅಂಗಡಿ ನಮ್ಮ ನೆರೆಮನೆಯ ಹಿರಿಯ ಹೆಂಗಸಿನದು. ಊರೆಲ್ಲ ಅವರನ್ನು ಅಂಗಡಿ ಅಮ್ಮ ಎಂದೇ ಕರೆಯುವುದು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಬಾಯಿತುಂಬ ಮಾತು. ಅತ್ತಿಗೆಯ ಮಂಗಳೂರು ಕಡೆಯ ಕನ್ನಡ ಕೇಳಿ ಮೊದಲ ದಿನವೇ, "ಎಂತ ಚಂದ ಪುಸ್ತಕದ ಹಾಗೆ ಮಾತಾಡ್ತೀಯ ಮಾರಾಯ್ತಿ, ಆದ್ರೆ ಹಿಂಗೆ ಮಾತಾಡಿದ್ರೆ ಗಿರಾಕಿ ಹೆದರಿ ಓಡ್ತಾರೆ" ಎಂದು ನಕ್ಕರು. ಬೆಳಗಿನಿಂದ ಸಂಜೆಯವರೆಗೆ ಅತ್ತಿಗೆ ಅಲ್ಲಿ ಬಣಕಲ್ ಕನ್ನಡದಲ್ಲಿ ಬೆಲ್ಲ ತೂಗಿದಳು. ಮೂರು ಮಳೆಗಾಲ ಹೀಗೆಯೇ ಕಳೆಯಿತು.

ಒಂದು ಭಾನುವಾರ ಅತ್ತಿಗೆ ಊರಿನ ಅಜ್ಜಿಗೆ ಫೋನು ಮಾಡಿದಳು. ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ.

"ಅಜ್ಜೀ, ನಿಕುಲು ಎಂಚ ಉಲ್ಲರ್?"

ಅಜ್ಜಿಯ ಧ್ವನಿ ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ಇಲ್ಲಿ ನಾನು ಒಬ್ಬಳೇ ಇರುವುದು ಮಗಾ."

ನಾನು ನಗಲು ಬಾಯಿ ತೆರೆದವಳು ಅತ್ತಿಗೆಯ ಮುಖ ನೋಡಿ ಮತ್ತೆ ಬಟ್ಟೆಯ ಕಡೆ ತಿರುಗಿದೆ. ಅವಳು ಹೇಗೋ ಮಾತು ಮುಗಿಸಿ ಫೋನಿಟ್ಟಳು. ಅಂದು ಯಾರೂ ಹೇಳದೆ ಅವಳೇ ಹೋಗಿ ತುರಿಮಣೆಯ ಮೇಲೆ ಕೂತಳು. ಅಪ್ಪ ಗೆಲುವಿನಿಂದ ಏನೋ ಹೇಳಲು ಹೊರಟರೆ ಅಮ್ಮ ಕಣ್ಣಲ್ಲೇ ತಡೆದಳು.

"ಇಲ್ಲಿ ನಾನು ಕೆಳಗಿನವಳು. ಊರಿಗೆ ಹೋದ್ರೆ ಇನ್ನು ಘಟ್ಟದವಳು" ಎಂದಳು ಅತ್ತಿಗೆ, ಕಾಯಿಯನ್ನೇ ನೋಡುತ್ತಾ. "ಅಜ್ಜಿ ಬೈದಿದ್ರೆ ಬೇಜಾರಿರಲಿಲ್ಲ. ಬೈಯಲೇ ಇಲ್ಲ ಅವರು."

ಬೈಯದಿದ್ದುದಕ್ಕೆ ಕಾರಣ ಮೂರನೆಯ ದಿನ ತಿಳಿಯಿತು. ಅಜ್ಜಿ ಫೋನಿನಲ್ಲಿ ಬೈಯುವವರಲ್ಲ. ಒಂದು ಚೀಲದಲ್ಲಿ ನಾಲ್ಕು ಸೀರೆ, ಇನ್ನೊಂದರಲ್ಲಿ ಹಲಸಿನ ಹಪ್ಪಳ ತುಂಬಿಕೊಂಡು, ಜೀವನದಲ್ಲಿ ಮೊದಲ ಸಲ ಘಟ್ಟ ಹತ್ತಿ, ಧರ್ಮಸ್ಥಳದ ಬಸ್ಸಿನಿಂದ ನಮ್ಮ ಮನೆಯ ಮುಂದೆಯೇ ಇಳಿದರು.

"ಇಲ್ಲಿ ಎಂತ ಆಗ್ತಾ ಉಂಟು ಅಂತ ನೋಡಿ ಹೋಗುವ ಅಂತ ಬಂದೆ."

ಅತ್ತಿಗೆ ಅವರ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ನನ್ನ ತುಳು ಹಾಳಾಯಿತು ಅಜ್ಜೀ ಎಂದಳು. ಅಜ್ಜಿ ಅವಳ ತಲೆ ಸವರಿದರು. ಆಮೇಲೆ ಹೇಳಿದರು:

"ನಾನು ಕಾರ್ಕಳದ ಆಚೆಯವಳು, ನಿನಗೆ ಗೊತ್ತುಂಟಲ್ಲ. ಮದುವೆಯಾಗಿ ಬೆಳ್ತಂಗಡಿ ಕಡೆಗೆ ಬಂದ ವರ್ಷ ಅಲ್ಲಿಯ ಹೆಂಗಸರು ನನ್ನ ಒಂದೊಂದು ಮಾತು ಹಿಡಿದು ನಗುತ್ತಿದ್ದರು. ಆರು ತಿಂಗಳು ನಾನು ಬಾವಿಕಟ್ಟೆಯಲ್ಲಿ ಬಾಯಿ ಬಿಟ್ಟವಳಲ್ಲ. ಆಮೇಲೆ ಅವರಿಗಿಂತ ಚಂದ ಅವರ ಮಾತನ್ನೇ ಕಲಿತು, ಅವರನ್ನೇ ತಿದ್ದಲು ಶುರುಮಾಡಿದೆ. ಈಗ ಅದು ಚಾಳಿ ಆಗಿ ಹೋಗಿದೆ."

ಅದನ್ನು ಕೇಳಿ ಅಪ್ಪನ ಮುಖ ಸ್ವಲ್ಪ ಸಡಿಲವಾಯಿತು. ಕಾಯಿ ತುರಿದ ಕೈಗೂ ಒಂದು ನ್ಯಾಯ ಸಿಕ್ಕಿತಲ್ಲ.

ಅಜ್ಜಿ ಎರಡು ವಾರ ಇದ್ದರು. ನಾವೆಲ್ಲ ಕೆಲಸಕ್ಕೆ ಹೋದ ಮೇಲೆ ಅವರು ಹೋಗಿ ಕೂರುವುದು ಅಂಗಡಿ ಅಮ್ಮನ ಬೆಂಚಿನ ಮೇಲೆ. ಅಂಗಡಿ ಅಮ್ಮನಿಗೆ ತುಳು ಬಾರದು. ಅಜ್ಜಿಯ ಕನ್ನಡವೆಲ್ಲ ಯಕ್ಷಗಾನ ನೋಡಿ ಕಲಿತದ್ದು. ಮೊದಲ ದಿನವೇ ಅಂಗಡಿಗೆ ಸಕ್ಕರೆ ಕೊಳ್ಳಲು ಬಂದ ಮೇಷ್ಟರನ್ನು ಅಜ್ಜಿ, "ತಾವು ಇತ್ತ ಚಿತ್ತೈಸಿದ ಕಾರಣವೇನು?" ಎಂದು ಕೇಳಿದರಂತೆ.

"ಇದೆಂತ ಮಾರಾಯ್ತಿ, ನಿಮ್ಮಜ್ಜಿ ಮೇಳದಲ್ಲಿ ಇದ್ರಾ?" ಎಂದು ಅಂಗಡಿ ಅಮ್ಮ ಅತ್ತಿಗೆಯನ್ನು ಕೇಳಿದರು.

ಎರಡೇ ದಿನದಲ್ಲಿ ಇಬ್ಬರೂ ಬಿಟ್ಟಿರಲಾರದ ಸ್ನೇಹಿತೆಯರಾದರು. ಒಂದು ಸಂಜೆ ಅಂಗಡಿ ಅಮ್ಮ ಮಾತಿನ ನಡುವೆ, "ನಾಳೆ ನಾವು ದೇವರಮನೆಗೆ ಹೋಗ್ತಾ ಇದೀವಿ" ಎಂದಿದ್ದಾರೆ. ಅವರ ಲೆಕ್ಕದಲ್ಲಿ ನಾವು ಎಂದರೆ ಅವರು, ಮಗ, ಸೊಸೆ. ಅಜ್ಜಿಯ ಕಿವಿಗೆ ಅದು ತುಳುವಿನ 'ನಮ' ಆಗಿ ಬಿತ್ತು. ಎದುರಿಗೆ ಕೂತವಳಿಗೆ ಹೇಳಿದ್ದೆಂದ ಮೇಲೆ ತಾನೂ ಸೇರಿದಂತೆಯೇ ಅಲ್ಲವೇ? ಮರುದಿನ ಬೆಳಿಗ್ಗೆ ಏಳೂವರೆಗೆ ಅಜ್ಜಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಎಲ್ಲಿಗೆ ಎಂದು ನಾವು ಕೇಳಿದರೆ, "ಕರೆದಿದ್ದಾರೆ" ಎಂದರು.

ಅಂಗಡಿ ಅಮ್ಮನ ಮನೆಯವರು ಕಾರಿನ ಬಾಗಿಲು ತೆಗೆಯುತ್ತಾ ಇವರನ್ನು ನೋಡಿ ಬೆಪ್ಪಾಗಿ ನಿಂತರು. ಕಾರಿನ ಹಿಂದಿನ ಸೀಟಿನಲ್ಲಿ ಪೂಜೆಯ ಸಾಮಾನು ತುಂಬಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಅತ್ತಿಗೆ ಸಂಗತಿ ಬಿಡಿಸಿ ಹೇಳಿದಾಗ ಅಜ್ಜಿಯ ಮುಖ ಸಣ್ಣದಾಯಿತು. ಮುಡಿದ ಹೂವನ್ನು ಕೈಯಿಂದ ಮುಟ್ಟಿಕೊಂಡರು. ಇಷ್ಟು ದಿನ ಬೇರೆಯವರ ತಪ್ಪು ಹಿಡಿದವರು ಈಗ ತಾವೇ ನಗೆಗೆ ಸಿಕ್ಕಿದ್ದರು. ಆದರೆ ಯಾರೂ ನಗಲಿಲ್ಲ. ಅಣ್ಣ ಒಳಗೆ ಹೋಗಿ ಜೀಪಿನ ಕೀ ತಂದ.

"ಮಗ ಸೊಸೆ ಕಾರಲ್ಲಿ ಬರಲಿ" ಎಂದರು ಅಂಗಡಿ ಅಮ್ಮ, ಆಗಲೇ ಜೀಪಿನೊಳಗೆ ಕಾಲಿಡುತ್ತಾ. "ನಾನು ಅಜ್ಜಿ ಜೊತೆ ಬರ್ತೀನಿ. ನನ್ನದೇ ತಪ್ಪು, ಸರಿಯಾಗಿ ಕರೀಲಿಲ್ಲ."

ದೇವರಮನೆಯ ಹುಲ್ಲುಗುಡ್ಡದ ಮೇಲೆ ಅಂದು ಎಂಥ ಗಾಳಿಯೆಂದರೆ ಇಬ್ಬರ ಸೆರಗೂ ನಿಲ್ಲಲಿಲ್ಲ. ಇಬ್ಬರೂ ಕೈಕೈ ಹಿಡಿದುಕೊಂಡು ಕೂತು ಅವಲಕ್ಕಿ ತಿಂದರಂತೆ. ಅಲ್ಲೇ ಅಜ್ಜಿ ಕನ್ನಡಕ್ಕೊಂದು ತಿದ್ದುಪಡಿ ತಂದರು. ತನ್ನನ್ನು ಸೇರಿಸಿಕೊಳ್ಳುವುದಾದರೆ 'ನಾವು-ನೀವು' ಎನ್ನಬೇಕು. ಸೇರಿಸದಿದ್ದರೆ ಬರೀ 'ನಾವು'. ಅಂಗಡಿ ಅಮ್ಮ ಒಪ್ಪಿದರು. ಒಂದು ವಾರದಲ್ಲಿ ಅವರಿಗೆ ಅದು ಎಷ್ಟು ರೂಢಿಯಾಯಿತೆಂದರೆ, ಮಗನನ್ನೇ ಕರೆದು "ನಾವು-ನೀವು ಊಟ ಮಾಡಣ ಬಾರೋ" ಎನ್ನತೊಡಗಿದರು. ಮಗ ಗಾಬರಿಯಾಗಿ ನಮ್ಮಪ್ಪನ ಹತ್ತಿರ ವಿಚಾರಿಸಿದ. ಅಪ್ಪ ಮೂರು ವರ್ಷದ ಅನುಭವದಿಂದ, "ವಾದ ಮಾಡ್ಬೇಡ, ಕಾಯಿ ತುರಿಯೋದು ಕಲ್ತುಕೋ" ಎಂದರು.

ಹೊರಡುವ ಹಿಂದಿನ ದಿನ ಅಜ್ಜಿ ಅಪ್ಪನನ್ನು ಕೂರಿಸಿಕೊಂಡು ನಿಜವಾದ ಕನಿಕರದಿಂದ ಹೇಳಿದರು: "ನಾವು ಅಂತ ಒಂದೇ ಶಬ್ದ ಇಟ್ಟುಕೊಂಡು ಇಲ್ಲಿಯ ಜನ ಹೇಗೆ ಸಂಸಾರ ಮಾಡುವುದೋ! ಪಾಪ, ಈರ್ ಎಷ್ಟು ಕಷ್ಟಪಟ್ಟಿದ್ದೀರಿ."

ಅಪ್ಪನಿಗೆ ಅಂಥ ಸಮಾಧಾನವನ್ನು ಅದುವರೆಗೆ ಯಾರೂ ಹೇಳಿರಲಿಲ್ಲ. ಕಣ್ಣು ಒರೆಸಿಕೊಂಡು, "ನಿಕುಲು ಎಡ್ಡೆ ಮನುಷ್ಯೆರ್" ಎಂದರು. ಅಜ್ಜಿ ಹಿಂದೆ ತಿರುಗಿ ನೋಡಲಿಲ್ಲ.

ಮರುದಿನ ಬಸ್ಸು ಹತ್ತಿಸಲು ಹೋದರೆ ಅಂಗಡಿ ಅಮ್ಮನೂ ಒಂದು ಚೀಲ ಹಿಡಿದು ನಿಂತಿದ್ದರು. ನಾಲ್ಕು ದಿನ ಕೆಳಗೆ ಹೋಗಿ ಬರುತ್ತಾರಂತೆ. ಅಷ್ಟು ವರ್ಷ ಹೈವೇ ಪಕ್ಕದಲ್ಲೇ ಅಂಗಡಿ ಇಟ್ಟುಕೊಂಡು ದಿನಕ್ಕೆ ನೂರು ಬಸ್ಸು ನೋಡಿದವರು ಒಂದು ಸಲವೂ ಘಾಟಿ ಇಳಿದಿರಲಿಲ್ಲವಂತೆ. ಅಂಗಡಿಯನ್ನು ಅತ್ತಿಗೆಗೆ ಒಪ್ಪಿಸಿದರು. ಇಬ್ಬರೂ ಮುಂದಿನ ಸೀಟಿನಲ್ಲಿ ಕೂತು, ಬಸ್ಸು ಹೊರಡುವ ಮೊದಲೇ ಮಾತಿಗೆ ಶುರುಮಾಡಿದ್ದರು. ನಮ್ಮ ಕಡೆಗೆ ಕೈಬೀಸುವುದನ್ನೂ ಮರೆತರು.

ನಾಲ್ಕು ದಿನ ಹೋಗಿ ಎಂಟು ದಿನವಾಯಿತು. ಒಂಬತ್ತನೆಯ ದಿನ ಅತ್ತಿಗೆಯ ತಾಯಿಯಿಂದ ಫೋನು ಬಂತು. ಹಿತ್ತಿಲಿನಿಂದ ಮಾತಾಡುತ್ತಿದ್ದರೆಂದು ಕಾಣುತ್ತದೆ, ದನಿ ಅಷ್ಟು ತಗ್ಗಿತ್ತು. ಅಂಗಡಿ ಅಮ್ಮ ಬಹಳ ಒಳ್ಳೆಯವರು, ಸೆಖೆ ಸೆಖೆ ಎನ್ನುತ್ತಾರೆ ಅಷ್ಟೇ, ಅಜ್ಜಿಯೂ ಹತ್ತು ವರ್ಷ ಚಿಕ್ಕವರಾದ ಹಾಗೆ ಓಡಾಡುತ್ತಿದ್ದಾರೆ ಎಂದೆಲ್ಲ ಹೊಗಳಿ, ಆಮೇಲೆ ಮೆಲ್ಲಗೆ ಕೇಳಿದರು:

"ಅವರು ಯಾವಾಗ ಹೊರಡುವುದು ಅಂತ ನಿನಗೆ ಏನಾದ್ರೂ ಹೇಳಿದ್ದಾರಾ ಮಗಾ? ಲಿಂಗ ಕಟ್ಟಿದವರು ಮನೆಯಲ್ಲಿದ್ದಾರೆ ಅಂತ ಅಜ್ಜಿ ಒಲೆಯ ಹತ್ತಿರ ಮೀನು ತರಲಿಕ್ಕೇ ಬಿಡುವುದಿಲ್ಲ. ಎಂಟು ದಿನ ಆಯ್ತು. ನಿನ್ನ ಅಪ್ಪ ನಿನ್ನೆ ಉಪ್ಪಿನಕಾಯಿಯನ್ನು ಬಂಗುಡೆ ಮೀನು ಅಂದುಕೊಂಡು ಉಂಡರು."